ಡಿಕ್ರಿ ಕೈಯಲ್ಲಿದೆ, ದುಡ್ಡು ಬಂದಿಲ್ಲ: ಸಿವಿಲ್ ಕೋರ್ಟ್ ತೀರ್ಪನ್ನು ಜಾರಿ ಮಾಡಿಸಿ ಹಣ ವಸೂಲಿ ಮಾಡುವ ಸಮಗ್ರ ಮಾರ್ಗದರ್ಶಿ

ಕೇಸ್ ಗೆದ್ದಿದ್ದೀರಿ. ಎದುರಿನವನು ಅಸಲು, ಬಡ್ಡಿ, ಖರ್ಚು ಎಲ್ಲಾ ಕೊಡಬೇಕು ಅಂತ ತೀರ್ಪಾಗಿದೆ. ತಿಂಗಳುಗಳು ಕಳೆದವು, ಒಂದು ಪೈಸೆ ಬಂದಿಲ್ಲ. ಎದುರಿನವನು ಹೊಸ ಕಾರಿನಲ್ಲಿ ಓಡಾಡುತ್ತಿದ್ದಾನೆ.

ತೀರ್ಪು ಬಂದರೆ ಕೋರ್ಟೇ ಯಾರನ್ನಾದರೂ ಕಳಿಸಿ ವಸೂಲಿ ಮಾಡಿಕೊಡುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ನೀವು ಮತ್ತೆ ಅರ್ಜಿ ಹಾಕಬೇಕು. ಅದಕ್ಕೆ ಅಮಲ್ಜಾರಿ ಅರ್ಜಿ ಅಂತಾರೆ, ಕೋರ್ಟ್ ಆವರಣದಲ್ಲಿ ಎಲ್ಲರೂ ಇ.ಪಿ. ಅಥವಾ ಎಕ್ಸಿಕ್ಯೂಷನ್ ಅಂತಲೇ ಕರೆಯುತ್ತಾರೆ. ಇಲ್ಲಿ ನಿಮ್ಮ ಹೆಸರು ಡಿ.ಎಚ್.ಆರ್., ಅಂದರೆ ಡಿಕ್ರಿದಾರ. ಕೊಡಬೇಕಾದವನು ಜೆ.ಡಿ.ಆರ್., ಅಂದರೆ ಜಡ್ಜ್‌ಮೆಂಟ್ ಡೆಟರ್. ಇವೆರಡು ಪದ ನೆನಪಿರಲಿ, ಆರ್ಡರ್ ಶೀಟಿನ ತುಂಬಾ ಇವೇ ಇರುತ್ತವೆ.

ಇದು ಇವತ್ತಿನ ಸಮಸ್ಯೆಯೂ ಅಲ್ಲ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅಂತ ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲೇ ದರ್ಭಾಂಗ ಸಂಸ್ಥಾನದ ಒಂದು ಕೇಸಿನಲ್ಲಿ ಹೇಳಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲಾ ಹೈಕೋರ್ಟುಗಳಿಂದ ಲೆಕ್ಕ ತರಿಸಿಕೊಂಡಾಗ 8.8 ಲಕ್ಷಕ್ಕೂ ಜಾಸ್ತಿ ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು.

ನಾನು ಹೇಳಬೇಕಾದ ಮುಖ್ಯ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಸಾಲಗಾರನ ಆಸ್ತಿ ಎಲ್ಲಿದೆ, ಸಂಬಳ ಎಲ್ಲಿಂದ ಬರುತ್ತದೆ, ಬ್ಯಾಂಕ್ ಖಾತೆ ಯಾವುದು ಅಂತ ಕೋರ್ಟ್ ಹುಡುಕುವುದಿಲ್ಲ. ಹುಡುಕಿ ಕೊಡಬೇಕಾದವರು ನೀವು. ನಿಮ್ಮ ವಕೀಲರೂ ಅಲ್ಲ, ನೀವು. ಎಷ್ಟೋ ಇ.ಪಿ.ಗಳು ಕೊಳೆಯುವುದು ಕಾನೂನು ದುರ್ಬಲ ಅಂತಲ್ಲ, "ಜೆ.ಡಿ.ಆರ್. ಆಸ್ತಿ ವಿವರ ಸಲ್ಲಿಸಲು ಕಾಲಾವಕಾಶ" ಅಂತ ಡಿ.ಎಚ್.ಆರ್. ಕಡೆಯವರೇ ವಾಯಿದೆ ಕೇಳುತ್ತಾ ಹೋಗುವುದರಿಂದ.

ಅರ್ಜಿ ಹಾಕುವ ಮೊದಲು

ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ಆದೇಶ ಮಾತ್ರ. ಜಾರಿಯಾಗುವುದು ಡಿಕ್ರಿ. ತೀರ್ಪು ಬಂದ ಕೂಡಲೇ ಎರಡರ ಸರ್ಟಿಫೈಡ್ ಕಾಪಿಗೂ ಅರ್ಜಿ ಕೊಡಿ. ಸಿಕ್ಕ ಮೇಲೆ ಡಿಕ್ರಿಯನ್ನು ಸಾಲು ಸಾಲಾಗಿ ಓದಿ. ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಬಡ್ಡಿ ದರ ಇವುಗಳಲ್ಲಿ ಟೈಪಿಂಗ್ ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ. ಯಾಕೆಂದರೆ ಅಮಲ್ಜಾರಿ ಕೋರ್ಟ್ ಡಿಕ್ರಿಯ ಹಿಂದೆ ಹೋಗುವುದಿಲ್ಲ. ಅದರಲ್ಲಿ ಬರೆದಿರುವುದಷ್ಟೇ ಸಿಗುವುದು, ಬರೆಯಬೇಕಿತ್ತು ಅಂತ ನೀವು ಅಂದುಕೊಂಡದ್ದಲ್ಲ.

ಅವಧಿ 12 ವರ್ಷ. ಲಿಮಿಟೇಷನ್ ಕಾಯ್ದೆಯ 136ನೇ ಆರ್ಟಿಕಲ್. ಆದರೆ "ಗೋಡೆ ಕೆಡವಿ ಕೊಡು" ಎಂಬಂಥ ಆಜ್ಞಾಪಕ ನಿರ್ಬಂಧಕಾಜ್ಞೆಯ ಡಿಕ್ರಿಗೆ ಬರೀ 3 ವರ್ಷ, ಇದನ್ನು ಮರೆತು ಕೂತವರು ಬಹಳ ಜನ. ಶಾಶ್ವತ ನಿರ್ಬಂಧಕಾಜ್ಞೆಗೆ ಮಾತ್ರ ಕಾಲಮಿತಿ ಇಲ್ಲ.

12 ವರ್ಷ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಡಿಕ್ರಿಯಾಗಿ 2 ವರ್ಷದೊಳಗೆ ಅರ್ಜಿ ಹಾಕಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿ.ಪಿ.ಸಿ., ಮುಂದೆ ಬರುವ ಆದೇಶ, ನಿಯಮ, ಸೆಕ್ಷನ್ ಎಲ್ಲಾ ಇದರವೇ; ಆದೇಶದ ಸಂಖ್ಯೆ ಹೇಳದ ನಿಯಮಗಳು 21ನೇ ಆದೇಶದವು) 21ನೇ ಆದೇಶದ 22ನೇ ನಿಯಮದ ಪ್ರಕಾರ ಜೆ.ಡಿ.ಆರ್.ಗೆ ಮೊದಲೇ ನೋಟಿಸ್ ಕೊಡುವ ಅಗತ್ಯವಿಲ್ಲ. ನೇರವಾಗಿ ಜಪ್ತಿ ಕೇಳಬಹುದು. ಆದರೂ ಹಲವು ಕೋರ್ಟುಗಳು ಅಭ್ಯಾಸದಿಂದ ನೋಟಿಸ್ ಹೊರಡಿಸಿಬಿಡುತ್ತವೆ, ಆ ನೋಟಿಸ್ ಕೈಗೆ ಸಿಕ್ಕ ದಿನವೇ ಖಾತೆ ಖಾಲಿಯಾಗುತ್ತದೆ. ಹಾಗಾಗಿ ನಿಯಮ ತೋರಿಸಿ, ನೋಟಿಸ್ ಬೇಡ ಅಂತ ವಕೀಲರು ಮೊದಲ ದಿನವೇ ಕೇಳಬೇಕು.

ಇನ್ನು ಅಪೀಲು. "ನಾನು ಅಪೀಲು ಹಾಕಿದ್ದೀನಿ, ಏನೂ ಮಾಡೋಕಾಗಲ್ಲ" ಅಂತ ಜೆ.ಡಿ.ಆರ್. ಹೇಳಿದರೆ ನಂಬಬೇಡಿ. ಬರೀ ಅಪೀಲು ಹಾಕಿದ್ದರಿಂದ ಅಮಲ್ಜಾರಿ ನಿಲ್ಲುವುದಿಲ್ಲ, ಮೇಲಿನ ಕೋರ್ಟ್ ತಡೆಯಾಜ್ಞೆ ಕೊಟ್ಟಿರಬೇಕು. ನಿಮಗೆ ಗೊತ್ತಿಲ್ಲದೆ ತಡೆಯಾಜ್ಞೆ ತಂದುಬಿಟ್ಟಾನು ಅನ್ನುವ ಅನುಮಾನ ಇದ್ದರೆ ಅಪೀಲು ಹೋಗುವ ಕೋರ್ಟಿನಲ್ಲಿ ಕೇವಿಯಟ್, ಅಂದರೆ ನನಗೆ ತಿಳಿಸದೆ ಆದೇಶ ಮಾಡಬೇಡಿ ಅನ್ನುವ ಅರ್ಜಿ, ಹಾಕಿಡಿ. ಅದು 90 ದಿನ ಜೀವಂತ ಇರುತ್ತದೆ. ಮುಗಿದರೆ ಮತ್ತೆ ಹಾಕಬಹುದು.

ಲೆಕ್ಕ ಮತ್ತು ಅರ್ಜಿ

ಅರ್ಜಿಯಲ್ಲಿ ಏನೇನಿರಬೇಕು ಅಂತ 21ನೇ ಆದೇಶದ 11ನೇ ನಿಯಮ ಹೇಳುತ್ತದೆ: ಕೇಸ್ ನಂಬರು, ಪಕ್ಷಗಾರರು, ಡಿಕ್ರಿ ದಿನಾಂಕ, ಅಪೀಲು ಇದೆಯೋ ಇಲ್ಲವೋ, ಈವರೆಗೆ ಬಂದ ಹಣ, ಬಾಕಿ, ಮತ್ತು ಕೋರ್ಟ್ ಯಾವ ರೀತಿ ಸಹಾಯ ಮಾಡಬೇಕು ಅನ್ನುವುದು. ಇವೆಲ್ಲ ಕೋಷ್ಟಕದಲ್ಲಿ ತುಂಬಿಸುವಂಥದ್ದು, ವಕೀಲರ ಗುಮಾಸ್ತರು ಕಣ್ಣು ಮುಚ್ಚಿ ಮಾಡುತ್ತಾರೆ. ನೀವು ನೋಡಬೇಕಾದದ್ದು ಲೆಕ್ಕ.

ಉದಾಹರಣೆಗೆ ಅಸಲು 4,00,000 ರೂಪಾಯಿ, ದಾವೆ ಹಾಕಿದ ದಿನದಿಂದ ಶೇ 9 ಬಡ್ಡಿ ಅಂತ ಡಿಕ್ರಿ ಇದೆ ಅಂದುಕೊಳ್ಳಿ. ಇದು ಸರಳ ಬಡ್ಡಿ, ಚಕ್ರಬಡ್ಡಿ ಹಾಕಬೇಡಿ. ವರ್ಷಕ್ಕೆ 36,000. ನಾಲ್ಕು ವರ್ಷಕ್ಕೆ 1,44,000. ಕೋರ್ಟ್ ಖರ್ಚು 30,000 ಅಂತ ಡಿಕ್ರಿಯಲ್ಲಿದ್ದರೆ ಒಟ್ಟು 5,74,000. ಕಟ್ಟುವವರೆಗೂ ಬಡ್ಡಿ ಓಡುತ್ತಿರುತ್ತದೆ ಅಂತ ಸ್ಪಷ್ಟವಾಗಿ ಬರೆಸಿ. ಡಿಕ್ರಿಯ ನಂತರದ ಬಡ್ಡಿ ಸಾಮಾನ್ಯವಾಗಿ ಶೇ 6ರ ಮೇಲೆ ಹೋಗುವುದಿಲ್ಲ. ವ್ಯಾಪಾರದ ವ್ಯವಹಾರ ಆಗಿದ್ದರೆ ಮಾತ್ರ ಜಾಸ್ತಿ ಕೊಡಬಹುದು. ನಿಮ್ಮ ಡಿಕ್ರಿಯಲ್ಲಿ ಯಾವ ಅವಧಿಗೆ ಎಷ್ಟು ಅಂತ ನೋಡಿಕೊಂಡೇ ಲೆಕ್ಕ ಹಾಕಿ.

ಮಧ್ಯದಲ್ಲಿ ಕೋರ್ಟಿನ ಹೊರಗೆ ಸ್ವಲ್ಪ ಹಣ ಕೊಟ್ಟಿದ್ದರೆ ಅದನ್ನು ಕೋರ್ಟಿಗೆ ತಿಳಿಸಿ ದಾಖಲಿಸಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ಜೆ.ಡಿ.ಆರ್.ಗೂ ಎಚ್ಚರಿಕೆ: ಕೈಯಲ್ಲಿ ನಗದು ಕೊಟ್ಟು ಸುಮ್ಮನಿದ್ದರೆ ಎರಡನೇ ಸಲ ಕಟ್ಟಬೇಕಾದೀತು. ಡಿ.ಎಚ್.ಆರ್. ದಾಖಲಿಸದಿದ್ದರೆ ಜೆ.ಡಿ.ಆರ್. ತಾನೇ 30 ದಿನದೊಳಗೆ ಅರ್ಜಿ ಹಾಕಬಹುದು.

ಎಲ್ಲಿ ಹಾಕಬೇಕು? ಡಿಕ್ರಿ ಕೊಟ್ಟ ಕೋರ್ಟಿನಲ್ಲೇ. ಆದರೆ ಆಸ್ತಿ ಬೇರೆ ಊರಿನಲ್ಲಿದ್ದರೆ, ಉದಾಹರಣೆಗೆ ಡಿಕ್ರಿ ದಾವಣಗೆರೆಯದ್ದು, ಸೈಟು ಹುಬ್ಬಳ್ಳಿಯಲ್ಲಿ ಅಂತಾದರೆ, ಡಿಕ್ರಿಯನ್ನು ಅಲ್ಲಿಗೆ ವರ್ಗಾಯಿಸಿಕೊಂಡು ಅಲ್ಲಿ ಇ.ಪಿ. ಹಾಕಬೇಕು. ಬೆಂಗಳೂರಿನವರು ಇನ್ನೊಂದು ಗಮನಿಸಿ: ಸ್ಮಾಲ್ ಕಾಸಸ್ ಕೋರ್ಟಿನ (ಸಣ್ಣ ಮೊತ್ತದ ದಾವೆಗಳ ಕೋರ್ಟ್) ಡಿಕ್ರಿ ಇದ್ದರೆ, ಆ ಕೋರ್ಟ್ ಸ್ಥಿರಾಸ್ತಿ ಜಪ್ತಿ ಮಾಡುವಂತಿಲ್ಲ. ಮನೆ, ಸೈಟು ಹಿಡಿಯಬೇಕಾದರೆ ಬೇರೆ ಸಿವಿಲ್ ಕೋರ್ಟಿಗೆ ಕಳಿಸಿಕೊಳ್ಳಬೇಕು.

ಆಸ್ತಿ ಹುಡುಕುವುದು: ಅರ್ಧ ಕೆಲಸ ಇಲ್ಲೇ

ನಿಮ್ಮ ಹತ್ತಿರ ಇರುವ ಕಾಗದಗಳಿಂದಲೇ ಶುರು ಮಾಡಿ. ಅವನು ಹಿಂದೆ ಕೊಟ್ಟ ಚೆಕ್ಕು, ಕರಾರು ಪತ್ರ, ನಿಮ್ಮ ಖಾತೆಗೆ ಹಣ ಹಾಕಿದ್ದರೆ ಆ ಸ್ಟೇಟ್‌ಮೆಂಟು. ಇವುಗಳಲ್ಲಿ ಬ್ಯಾಂಕು, ಶಾಖೆ ಸಿಗುತ್ತದೆ. ವ್ಯಾಪಾರಸ್ಥನಾಗಿದ್ದರೆ ಬಿಲ್ಲಿನ ಮೇಲೆ ಜಿ.ಎಸ್.ಟಿ. ನಂಬರಿರುತ್ತದೆ, ಅದನ್ನು ಪೋರ್ಟಲ್‌ನಲ್ಲಿ ಹಾಕಿದರೆ ಸಂಸ್ಥೆಯ ಹೆಸರು, ವಿಳಾಸ ಬರುತ್ತದೆ.

ಜಮೀನಿಗೆ ಭೂಮಿ ಪೋರ್ಟಲ್‌ನಲ್ಲಿ ಪಹಣಿ, ಸೈಟು-ಮನೆಗೆ ಖಾತಾ, ಎರಡಕ್ಕೂ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಇ.ಸಿ. ತೆಗೆಸದೆ ಜಪ್ತಿ ಕೇಳುವುದು ದಂಡ. ಮನೆಯ ಮೇಲೆ ಬ್ಯಾಂಕಿನ ಅಡಮಾನ ಇದ್ದರೆ ಬ್ಯಾಂಕಿನದ್ದು ಮೊದಲು, ಉಳಿದದ್ದು ನಿಮಗೆ. 60 ಲಕ್ಷದ ಮನೆ ಮೇಲೆ 55 ಲಕ್ಷ ಸಾಲ ಇದ್ದರೆ ಆ ಹರಾಜಿನಲ್ಲಿ ನಿಮಗೇನು ಸಿಕ್ಕೀತು? ಆಸ್ತಿ ಪಿತ್ರಾರ್ಜಿತವಾಗಿ ಅಣ್ಣತಮ್ಮಂದಿರ ಜಂಟಿಯಲ್ಲಿದ್ದರೆ ಜೆ.ಡಿ.ಆರ್.ನ ಪಾಲನ್ನಷ್ಟೇ ಜಪ್ತಿ ಮಾಡಬಹುದು. ಕೊಂಡವನು ಆಮೇಲೆ ವಿಭಾಗದ ದಾವೆ ಹಾಕಬೇಕು. ಅಂಥದ್ದನ್ನು ಹರಾಜಿನಲ್ಲಿ ಕೊಳ್ಳಲು ಜನ ಹಿಂಜರಿಯುತ್ತಾರೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಅಂಥ ಜಮೀನಿನ ಮಾರಾಟದ ಮೇಲೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹಾಕಿರುವ ನಿರ್ಬಂಧ ಕೋರ್ಟ್ ಹರಾಜಿಗೂ ಅನ್ವಯಿಸುತ್ತದೆ.

ಏನೂ ಸಿಗದಿದ್ದರೆ ಕಾನೂನಿನಲ್ಲೇ ಒಂದು ಅಸ್ತ್ರ ಇದೆ. ಯಾಕೋ ಇದನ್ನು ಬಳಸುವವರು ಕಡಿಮೆ. ಹಣದ ಡಿಕ್ರಿಯಾಗಿ 30 ದಿನ ಕಳೆದರೂ ಕಟ್ಟದಿದ್ದರೆ, 41ನೇ ನಿಯಮದಡಿ ಜೆ.ಡಿ.ಆರ್. ತನ್ನ ಆಸ್ತಿಯನ್ನೆಲ್ಲಾ ಅಫಿಡವಿಟ್ಟಿನಲ್ಲಿ ಬರೆದು ಕೊಡಬೇಕು ಅಂತ ಆದೇಶ ಕೇಳಬಹುದು. ಅವನನ್ನು ಕರೆಸಿ ಪ್ರಶ್ನೆ ಕೇಳಲೂ ಅವಕಾಶ ಇದೆ. ಆದೇಶ ಪಾಲಿಸದಿದ್ದರೆ 3 ತಿಂಗಳವರೆಗೆ ಸಿವಿಲ್ ಜೈಲು. ಸುಳ್ಳು ಬರೆದರೆ ಅದೇ ಅವನ ಕುತ್ತಿಗೆಗೆ ಬರುತ್ತದೆ. ರಾಹುಲ್ ಶಾ ಮತ್ತು ಜಿನೇಂದ್ರ ಕುಮಾರ್ ಗಾಂಧಿ ಪ್ರಕರಣದಲ್ಲಿ, ಅದು ಹೋದದ್ದೇ ನಮ್ಮ ಬೆಂಗಳೂರಿನ ಆಸ್ತಿ ವ್ಯಾಜ್ಯದಿಂದ, 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್ ಅಮಲ್ಜಾರಿ ಅರ್ಜಿಯನ್ನು 6 ತಿಂಗಳಲ್ಲಿ ಮುಗಿಸಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಎಂದಿತು. ವಾಯಿದೆ ಮೇಲೆ ವಾಯಿದೆ ಬೀಳುತ್ತಿದ್ದರೆ ಈ ತೀರ್ಪಿನ ಪ್ರತಿ ಇಟ್ಟು ಮೆಮೊ ಹಾಕಿಸಿ.

ಯಾವ ದಾರಿ ಮೊದಲು?

ನನ್ನ ಅಭಿಪ್ರಾಯದಲ್ಲಿ ಈ ಕ್ರಮ: ಸಂಬಳ, ಬ್ಯಾಂಕ್ ಖಾತೆ, ಸ್ಥಿರಾಸ್ತಿ, ಕೊನೆಗೆ ಅರೆಸ್ಟ್. ಹೆಚ್ಚಿನವರು ಉಲ್ಟಾ ಹೋಗುತ್ತಾರೆ. ಕೋಪಕ್ಕೆ ಮೊದಲು ಅರೆಸ್ಟ್ ವಾರೆಂಟ್ ಕೇಳುತ್ತಾರೆ, ವರ್ಷ ಕಳೆಯುತ್ತದೆ.

ಸಂಬಳ ಸಿಕ್ಕರೆ ಅದಕ್ಕಿಂತ ಸುಲಭದ್ದು ಇಲ್ಲ. ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಬಿಟ್ಟು ಮಿಕ್ಕದ್ದನ್ನು ಜಪ್ತಿ ಮಾಡಬಹುದು. ಲೆಕ್ಕಕ್ಕೆ ಬರುವ ಸಂಬಳ 40,000 ಆದರೆ 39,000ದ ಮೂರನೇ ಒಂದು ಭಾಗ, ಅಂದರೆ ತಿಂಗಳಿಗೆ 13,000. ಸರ್ಕಾರಿ ನೌಕರರ ಕೆಲವು ಭತ್ಯೆಗಳಿಗೆ ವಿನಾಯಿತಿ ಇರುತ್ತದೆ, ಅವನ್ನು ಕಳೆದು ಲೆಕ್ಕ ಹಾಕಬೇಕು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಷ್ಟೇ ಹೀಗೆ ಹಿಡಿಯಬಹುದು. ಅಂದರೆ ಮೇಲಿನ ಲೆಕ್ಕದಲ್ಲಿ 3,12,000. ಬಾಕಿ 5,74,000 ಇದ್ದರೆ ಸಂಬಳವೊಂದರಿಂದ ತೀರುವುದಿಲ್ಲ, ಜೊತೆಗೆ ಇನ್ನೊಂದು ದಾರಿ ಬೇಕು. ಜೀವನಾಂಶದ ಡಿಕ್ರಿಯಾದರೆ ಕಥೆ ಬೇರೆ, ಅಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ.

ಆದೇಶ ಹೋಗುವುದು ಸಂಬಳ ಕೊಡುವ ಅಧಿಕಾರಿಗೆ. ಅವರು ಕಡಿತ ಮಾಡದೆ ಪೂರ್ತಿ ಸಂಬಳ ಕೊಟ್ಟರೆ ಆ ಹಣಕ್ಕೆ ಸಂಬಳ ಕೊಟ್ಟವರೇ ಜವಾಬ್ದಾರರು. ಸರ್ಕಾರಿ ನೌಕರನಾದರೆ ಆ ಕಚೇರಿ ಎಲ್ಲೇ ಇದ್ದರೂ ನಿಮ್ಮ ಕೋರ್ಟ್ ಆದೇಶ ಕಳಿಸಬಹುದು. ಖಾಸಗಿ ಕಂಪನಿಯಾದರೆ ಸಂಬಳ ಕೊಡುವವರು ಕೋರ್ಟಿನ ವ್ಯಾಪ್ತಿಯಲ್ಲಿರಬೇಕು.

ಬ್ಯಾಂಕ್ ಖಾತೆಯಲ್ಲಿ ಮುಖ್ಯವಾದದ್ದು ವೇಗ ಮತ್ತು ಗುಟ್ಟು. ಖಾತೆಯಲ್ಲಿರುವ ಹಣ ಅಂದರೆ ಬ್ಯಾಂಕು ಗ್ರಾಹಕನಿಗೆ ಕೊಡಬೇಕಾದ ಸಾಲ, ಅದನ್ನು 46ನೇ ನಿಯಮದಡಿ ತಡೆಹಿಡಿದು, 46-ಎ ಅಡಿ ಬ್ಯಾಂಕಿಗೆ ಗಾರ್ನಿಶೀ ನೋಟಿಸ್ (ಸಾಲಗಾರನಿಗೆ ಹಣ ಕೊಡಬೇಕಾದ ಮೂರನೆಯವರಿಗೆ ಹೋಗುವ ನೋಟಿಸ್) ಕೊಡಿಸಿ ಕೋರ್ಟಿಗೆ ಕಟ್ಟಿಸಿಕೊಳ್ಳಬೇಕು. ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್ ಖಾತೆ ಹಿಡಿದು ಪ್ರಯೋಜನ ಇಲ್ಲ. ಅಲ್ಲಿ ಗ್ರಾಹಕನೇ ಬ್ಯಾಂಕಿಗೆ ಕೊಡಬೇಕು, ಬ್ಯಾಂಕು ಅವನಿಗೆ ಕೊಡಬೇಕಾದದ್ದು ಏನೂ ಇರುವುದಿಲ್ಲ. ಗಾರ್ನಿಶೀ ಬ್ಯಾಂಕಿಗೆ ಮಾತ್ರ ಅಲ್ಲ. ಜೆ.ಡಿ.ಆರ್. ಕಂಟ್ರಾಕ್ಟರ್ ಆಗಿದ್ದರೆ ಅವನಿಗೆ ಬರಬೇಕಾದ ಬಿಲ್ಲು, ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರನಿಂದ ಬರುವ ಬಾಡಿಗೆ, ಇವನ್ನೂ ಹೀಗೇ ಹಿಡಿಯಬಹುದು. ಬಾಡಿಗೆಯನ್ನು ಯಾರೂ ನೆನಪಿಸಿಕೊಳ್ಳುವುದೇ ಇಲ್ಲ.

ಚರಾಸ್ತಿ ಜಪ್ತಿ ಅಂದರೆ ಅಮೀನರು (ಕೋರ್ಟ್ ಆದೇಶ ಜಾರಿ ಮಾಡುವ ಸಿಬ್ಬಂದಿ) ಮನೆಗೆ ಹೋಗಿ ಸಾಮಾನು ಎತ್ತುವುದು. ಸೂರ್ಯ ಮುಳುಗಿದ ಮೇಲೆ ಮನೆ ಪ್ರವೇಶಿಸುವಂತಿಲ್ಲ. ಪಾತ್ರೆ, ಹಾಸಿಗೆ, ಬಟ್ಟೆ, ತಾಳಿ, ಕುಶಲಕರ್ಮಿಯ ಉಪಕರಣ, ರೈತನ ಎತ್ತು, ನೇಗಿಲು, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಹಳೆ ಟಿವಿ, ಫ್ರಿಡ್ಜ್ ಎತ್ತಿಕೊಂಡು ಬಂದರೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ಅಪಘಾತ ಪರಿಹಾರ ಕಟ್ಟದ್ದಕ್ಕೆ ಸಾರಿಗೆ ಸಂಸ್ಥೆಯ ಬಸ್ಸನ್ನು ನಿಲ್ದಾಣದಲ್ಲೇ ಜಪ್ತಿ ಮಾಡಿದರು, ಭೂಸ್ವಾಧೀನದ ಹಣ ಕೊಡದ್ದಕ್ಕೆ ಉಪವಿಭಾಗಾಧಿಕಾರಿ (ಎ.ಸಿ.) ಕಚೇರಿಯ ಕುರ್ಚಿ ಕಂಪ್ಯೂಟರ್ ಹೊತ್ತೊಯ್ದರು ಅಂತ ಪೇಪರಿನಲ್ಲಿ ಓದಿರುತ್ತೀರಲ್ಲ, ಅಲ್ಲಿ ಅದು ಕೆಲಸ ಮಾಡುವುದು ಕುರ್ಚಿಯ ಬೆಲೆಯಿಂದಲ್ಲ, ಕೆಲಸ ನಿಂತು ಮರ್ಯಾದೆ ಹೋಗುವುದರಿಂದ. ಖಾಸಗಿ ಸಾಲಗಾರನ ಓಡಾಡುವ ಕಾರು, ಅಂಗಡಿಯ ಸ್ಟಾಕು, ಜೆ.ಸಿ.ಬಿ. ಹಿಡಿದರೆ ಅದೇ ಪರಿಣಾಮ. ಅಂದಹಾಗೆ, ಸರ್ಕಾರದ ವಿರುದ್ಧದ ಡಿಕ್ರಿಯಾದರೆ 3 ತಿಂಗಳು ಕಾದ ನಂತರವೇ ಅಮಲ್ಜಾರಿ.

ಸ್ಥಿರಾಸ್ತಿ: ಜಪ್ತಿಯಿಂದ ಹರಾಜಿನವರೆಗೆ

54ನೇ ನಿಯಮದಡಿ ಜಪ್ತಿ ಆದೇಶ ಆಗುತ್ತದೆ, ಆಸ್ತಿಯ ಜಾಗದಲ್ಲಿ ತಮಟೆ ಬಾರಿಸಿ ಸಾರುತ್ತಾರೆ, ಪ್ರತಿ ಅಂಟಿಸುತ್ತಾರೆ. ಅಮೀನರ ಜೊತೆ ಆ ದಿನ ನೀವೂ ಹೋಗಿ ಜಾಗ ತೋರಿಸಿ, "ಸ್ಥಳ ಗೊತ್ತಾಗಲಿಲ್ಲ" ಅಂತ ವರದಿ ಬಂದರೆ ಮತ್ತೆ ಎರಡು ಮೂರು ತಿಂಗಳು ಹೋಯಿತು. ಜಪ್ತಿಯ ನಂತರ ಜೆ.ಡಿ.ಆರ್. ಆಸ್ತಿ ಮಾರಿದರೆ ಅದು ನಿಮ್ಮ ಡಿಕ್ರಿಯ ಮಟ್ಟಿಗೆ ಅನೂರ್ಜಿತ. ಹಾಗಿದ್ದರೂ ಆದೇಶದ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೂ, ಜಮೀನಾದರೆ ತಹಶೀಲ್ದಾರರಿಗೂ ಕೋರ್ಟಿನಿಂದಲೇ ಹೋಗುವಂತೆ ಕೇಳಿಕೊಳ್ಳಿ. ಇ.ಸಿ.ಯಲ್ಲಿ, ಪಹಣಿಯ 11ನೇ ಕಾಲಂನಲ್ಲಿ ಅದು ಕಾಣಿಸಿಕೊಂಡರೆ ಕೊಳ್ಳುವವನೇ ಬರುವುದಿಲ್ಲ. ಎಷ್ಟೋ ಕೇಸುಗಳಲ್ಲಿ ಈ ಹಂತದಲ್ಲೇ ಜೆ.ಡಿ.ಆರ್. ಮಾತುಕತೆಗೆ ಬರುತ್ತಾನೆ, ಮಗಳ ಮದುವೆಗೆ ಅಂತ ಸೈಟು ಮಾರಲು ಹೊರಟಾಗ ಗೊತ್ತಾಗುತ್ತದೆ ಅವನಿಗೆ.

ರೈತ ತಾನೇ ವಾಸ ಇರುವ ಮನೆಗೆ 60ನೇ ಸೆಕ್ಷನ್ನಿನ ರಕ್ಷಣೆ ಇದೆ. ಬೇರೆಯವರ ವಾಸದ ಮನೆಗೆ ನಮ್ಮ ರಾಜ್ಯದಲ್ಲಿ ಆ ರಕ್ಷಣೆ ಇಲ್ಲ.

ಹರಾಜಿಗೆ 66ನೇ ನಿಯಮದ ಘೋಷಣೆ, ಅದಾಗಿ ಕನಿಷ್ಠ 15 ದಿನ ಬಿಟ್ಟು ಹರಾಜು. ಸಾಲ ತೀರುವಷ್ಟು ಭಾಗವನ್ನು ಮಾತ್ರ ಮಾರಬೇಕು, 5 ಲಕ್ಷಕ್ಕೆ 5 ಎಕರೆ ಪೂರ್ತಿ ಹರಾಜು ಹಾಕಿಸಿದರೆ ಮುಂದೆ ರದ್ದಾಗುವ ಅಪಾಯ ಇದೆ. ನೀವೇ ಕೊಳ್ಳಬೇಕು ಅಂದರೆ ಕೋರ್ಟಿನ ಅನುಮತಿ ಮೊದಲೇ ಬೇಕು. ಬಿಡ್ ಗೆದ್ದವನು ಆಗಲೇ ಶೇ 25, ಉಳಿದದ್ದನ್ನು 15 ದಿನದೊಳಗೆ ಕಟ್ಟಬೇಕು. ಆಮೇಲೂ ಜೆ.ಡಿ.ಆರ್.ಗೆ 60 ದಿನ ಅವಕಾಶ: ಪೂರ್ತಿ ಬಾಕಿ ಮತ್ತು ಕೊಂಡವನಿಗೆ ಹರಾಜು ಬೆಲೆಯ ಶೇ 5 ಕಟ್ಟಿದರೆ ಹರಾಜು ರದ್ದು. ನಿಮಗೇನು, ಹಣ ಬಂತು. ಕಟ್ಟದಿದ್ದರೆ ಹರಾಜು ಖಾಯಂ ಆಗಿ ಸೇಲ್ ಸರ್ಟಿಫಿಕೇಟ್ ಕೊಡುತ್ತಾರೆ.

ಮಧ್ಯದಲ್ಲಿ ಹೆಂಡತಿಯೋ ಭಾವಮೈದುನನೋ ಬಂದು "ಇದು ನನ್ನ ಆಸ್ತಿ" ಅಂತ 58ನೇ ನಿಯಮದ ಅರ್ಜಿ ಹಾಕುತ್ತಾರೆ. ಇದು ಬಹುತೇಕ ಗ್ಯಾರಂಟಿ ಅಂದುಕೊಂಡೇ ಇರಿ. ಅದನ್ನು ಅದೇ ಕೋರ್ಟ್ ವಿಚಾರಣೆ ಮಾಡಿ ತೀರ್ಮಾನಿಸುತ್ತದೆ. ದಾನಪತ್ರ, ಕ್ರಯಪತ್ರದ ದಿನಾಂಕ ನಿಮ್ಮ ದಾವೆಗಿಂತ ಮುಂಚಿನದೋ ನಂತರದ್ದೋ ಅನ್ನುವುದನ್ನು ಇ.ಸಿ.ಯಲ್ಲಿ ನೋಡಿ, ದಾವೆ ಬಿದ್ದ ಮೇಲೆ ಹೆಂಡತಿಗೆ ಬರೆದುಕೊಟ್ಟಿದ್ದರೆ ಅದು ಸಾಲ ತಪ್ಪಿಸಲು ಮಾಡಿದ ವರ್ಗಾವಣೆ ಅಂತ ವಾದಿಸಲು ಒಳ್ಳೆಯ ಆಧಾರ. ಇನ್ನೂ ದಾವೆಯ ಹಂತದಲ್ಲಿರುವವರು ಇದನ್ನು ಓದುತ್ತಿದ್ದರೆ, ಅವನು ಆಸ್ತಿ ಮಾರಲು ಹೊರಟಿದ್ದಕ್ಕೆ ಸಾಕ್ಷಿ ಇದ್ದರೆ, 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮುಂಚಿನ ಜಪ್ತಿಯನ್ನು ಈಗಲೇ ಕೇಳಿ.

ಅರೆಸ್ಟ್

ಸಾಲ ಕಟ್ಟಲಿಲ್ಲ ಅಂದಮಾತ್ರಕ್ಕೆ ಜೈಲು ಇಲ್ಲ. 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಕಟ್ಟುವ ಶಕ್ತಿ ಇದ್ದೂ ಕಟ್ಟುತ್ತಿಲ್ಲ ಅಂತ ನೀವು ತೋರಿಸಬೇಕು. ಮೊದಲು ಕಾರಣ ಕೇಳುವ ನೋಟಿಸ್, ವಿಚಾರಣೆ, ಆಮೇಲೆ. ಹಣದ ಡಿಕ್ರಿಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. 5,000 ರೂಪಾಯಿ ಮೀರಿದ ಡಿಕ್ರಿಗೆ ಗರಿಷ್ಠ 3 ತಿಂಗಳು, ಅಷ್ಟು ದಿನದ ಅವನ ಊಟದ ಖರ್ಚು ನೀವೇ ಕಟ್ಟಬೇಕು! ಬಿಡುಗಡೆಯಾದ ಮೇಲೆ ಸಾಲ ಉಳಿದಿರುತ್ತದೆ, ಆದರೆ ಅದೇ ಡಿಕ್ರಿಗೆ ಮತ್ತೆ ಬಂಧಿಸುವಂತಿಲ್ಲ. ಹಾಗಾಗಿ ಇದು ಒಂದೇ ಗುಂಡಿನ ಬಂದೂಕು. ಆಸ್ತಿ ಅಫಿಡವಿಟ್, ಸ್ಟೇಟ್‌ಮೆಂಟು ಎಲ್ಲಾ ಕೈಯಲ್ಲಿದ್ದಾಗ ಮಾತ್ರ ಬಳಸಿ.

ಇನ್ನು ಕೆಲವು ಸಂದರ್ಭ

ಜೆ.ಡಿ.ಆರ್. ತೀರಿಕೊಂಡರೆ ವಾರಸುದಾರರ ಮೇಲೆ ಮುಂದುವರಿಸಬಹುದು, ಅವರಿಗೆ ಬಂದ ಅವನ ಆಸ್ತಿಯ ಮಟ್ಟಿಗೆ ಮಾತ್ರ. ಮಗನ ಸ್ವಂತ ಸಂಬಳಕ್ಕೆ ಕೈ ಹಾಕುವಂತಿಲ್ಲ. ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಹೋದರೆ ಇ.ಪಿ. ನಿಂತುಹೋಗುತ್ತದೆ, ಆ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್ ಹತ್ತಿರ ನಿಮ್ಮ ಬಾಕಿ ದಾಖಲಿಸಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದದ್ದೂ ಡಿಕ್ರಿಗೆ ಸಮಾನ, ಎದುರಿನವನು ಮಾತು ತಪ್ಪಿದರೆ ಹೊಸ ದಾವೆ ಬೇಡ, ನೇರ ಇ.ಪಿ.

ಕ್ರಯಕರಾರಿನ ಡಿಕ್ರಿ ಇದ್ದು ಮಾರಾಟಗಾರ ರಿಜಿಸ್ಟರ್ ಮಾಡಿಕೊಡದಿದ್ದರೆ 34ನೇ ನಿಯಮದಡಿ ಕೋರ್ಟೇ ಅವನ ಪರವಾಗಿ ಸಹಿ ಹಾಕುತ್ತದೆ. ಸ್ವಾಧೀನದ ಡಿಕ್ರಿಗೆ ಅಡ್ಡಿ ಮಾಡಿದರೆ 97ನೇ ನಿಯಮದಡಿ ಅರ್ಜಿ, ಜೊತೆಗೆ ಪೊಲೀಸ್ ನೆರವು ಕೇಳಬಹುದು.

ದುಬೈ, ಸಿಂಗಾಪುರ, ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಆ ದೇಶಗಳ ಮೇಲಿನ ಕೋರ್ಟುಗಳ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ 44-ಎ ಸೆಕ್ಷನ್ ಅಡಿ ನೇರವಾಗಿ ಜಾರಿ ಮಾಡಿಸಬಹುದು. ಯು.ಎ.ಇ. ಈ ಪಟ್ಟಿಗೆ ಸೇರಿದ್ದು 2020ರ ಜನವರಿಯಲ್ಲಿ. ಅಮೆರಿಕದ ಡಿಕ್ರಿಗೆ ಈ ಸೌಲಭ್ಯ ಇಲ್ಲ, ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹಾಕಬೇಕು, 3 ವರ್ಷದೊಳಗೆ.

ಇ.ಪಿ. ನಡೆಯುವಾಗ

ಪ್ರೊಸೆಸ್ ಫೀ (ನೋಟಿಸ್, ವಾರೆಂಟ್ ಕಳಿಸಲು ಕೋರ್ಟಿಗೆ ಕಟ್ಟುವ ಶುಲ್ಕ) ಕಟ್ಟದ್ದು, ವಾಯಿದೆಗೆ ಹೋಗದ್ದು, ಇವೇ ಇ.ಪಿ. ವಜಾ ಆಗಲು ಸಾಮಾನ್ಯ ಕಾರಣ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿ.ಎನ್.ಆರ್. ನಂಬರು (ಕೇಸಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಹಾಕಿ ಪ್ರತಿ ವಾಯಿದೆಯ ಮುಂಚೆ ನೋಡಿ, "ಕ್ರಮಕ್ಕಾಗಿ" ಅಂತಿದ್ದರೆ ಆ ಕ್ರಮ ತೆಗೆದುಕೊಳ್ಳಬೇಕಾದವರು ನೀವೇ ಅಂತ ಅರ್ಥ. ಗೈರುಹಾಜರಿಗೆ ವಜಾ ಆದರೆ 30 ದಿನದೊಳಗೆ ಪುನಃಸ್ಥಾಪನೆ ಕೇಳಬೇಕು. 12 ವರ್ಷದೊಳಗಿದ್ದರೆ ಹೊಸದೂ ಹಾಕಬಹುದು ನಿಜ, ಆದರೆ ಇಲ್ಲೊಂದು ಗುಂಡಿ ಇದೆ: ವಜಾ ಮಾಡುವಾಗ ಜಪ್ತಿ ಮುಂದುವರಿಯಲಿ ಅಂತ ಕೋರ್ಟ್ ಹೇಳದಿದ್ದರೆ ಜಪ್ತಿಯೂ ಬಿದ್ದುಹೋಗುತ್ತದೆ. ಆ ವಾರವೇ ಸೈಟು ಮಾರಾಟ ಆಗಿಬಿಡಬಹುದು.

ಕಂತಿನಲ್ಲಿ ಕಟ್ಟುತ್ತೇನೆ ಅಂತ ಬಂದರೆ ಒಪ್ಪುವುದೇ ಜಾಣತನ, ಎರಡು ಷರತ್ತಿನ ಮೇಲೆ. ಕಂತುಗಳ ವಿವರ ಕೋರ್ಟಿನಲ್ಲಿ ಜಂಟಿ ಮೆಮೊ ಆಗಿ ದಾಖಲಾಗಬೇಕು. ಕೊನೆ ಕಂತು ಬರುವವರೆಗೆ ಜಪ್ತಿ ಹಾಗೇ ಇರಬೇಕು. "ಮೊದಲು ಜಪ್ತಿ ತೆಗೆಸಿ, ಆಸ್ತಿ ಮಾರಿ ಕೊಡ್ತೀನಿ" ಅಂದರೆ, ಕೊಳ್ಳುವವನೇ ನೇರವಾಗಿ ಕೋರ್ಟಿಗೆ ಡಿ.ಡಿ. ಕಟ್ಟಲಿ ಅನ್ನಿ, ಕಟ್ಟಿದ ದಿನವೇ ಜಪ್ತಿ ತೆಗೆಸಲು ನಿಮ್ಮ ತಕರಾರಿಲ್ಲ ಅಂತ ಬರೆದುಕೊಡಿ.

ಹಣ ಪೂರ್ತಿ ಬಂದ ಮೇಲೆ ಪೂರ್ಣ ಪಾವತಿಯ ಮೆಮೊ ಹಾಕಿ ಇ.ಪಿ. ಮುಚ್ಚಿಸಿ, ಜಪ್ತಿ ತೆರವಿನ ಪತ್ರ ಸಬ್ ರಿಜಿಸ್ಟ್ರಾರ್‌ಗೆ, ತಹಶೀಲ್ದಾರರಿಗೆ ಹೋಯಿತಾ ಅಂತ ನೋಡಿ.